ಹೊಳೆದಂಡೆಯ ಹಾಜರಿ

“ಲೇ ತಿಪ್ಪೇಸ, ನಿನ್ನ ಹೆಂಡ್ತಿ ಬಾಯಾಗೆ ಬೆಳಗಿಂದ ಸಂಜೆಗಂಟ ಚೇತನ್ ಚೇತನ್ ಅಂತ ಬರ್ತಾನೇ ಇರ್ತದೆ. ನಿನ್ನ ಹೆಸ್ರು ಒಂದು ಸತಿನಾದ್ರೂ ಬಂದೈತೇನ್ಲಾ? ಇಲ್ಲ, ನಿಮ್ಮಪ್ಪ ನಿಂಗೆ ಹೆಸ್ರೇ ಇಕ್ಕಲಿಲ್ವಾ?”

ಟೀ ಅಂಗಡಿಯ ರಾಜಣ್ಣ ಇದನ್ನು ಕಿವಿಯಲ್ಲಿ ಹೇಳಲಿಲ್ಲ. ಭಾನುವಾರದ ಬೆಳಗ್ಗೆ, ಹೊಳೆ ಪಾರ್ಕಿನ ಗೇಟಿನ ಮುಂದೆ, ನಡೆಯಲೆಂದು ಮಧುಗಿರಿಯಿಂದ, ಶಿರಾದಿಂದ ಬಂದವರೆಲ್ಲ ಟೀ ಲೋಟ ಹಿಡಿದು ನಿಂತಿದ್ದಾಗ, ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಹೇಳಿ, ಏನೂ ಆಗದವನಂತೆ ಹಾಲಿನ ಪಾತ್ರೆಗೆ ಸೌಟು ಹಾಕಿ ತಿರುವತೊಡಗಿದ. ಯಾರೋ ಕಿಸಕ್ಕೆಂದರು. ಸ್ಪೋರ್ಟ್ಸ್ ಶೂ ಹಾಕಿದ್ದ ಒಬ್ಬ ಹೆಂಗಸು ಪಾಪ ಅನ್ನುವಂತೆ ಮುಖ ಅತ್ತ ತಿರುಗಿಸಿದಳು. ನಕ್ಕವನಿಗಿಂತ ಅವಳೇ ಹೆಚ್ಚು ಚುಚ್ಚಿದಳು.

ಬೇರೆ ದಿನವಾಗಿದ್ದರೆ ತಿಪ್ಪೇಶ ಆ ಹಾಲಿನ ಪಾತ್ರೆಯನ್ನು ರಾಜಣ್ಣನ ನೆತ್ತಿಯ ಮೇಲೇ ಮಗುಚುತ್ತಿದ್ದ. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರ ಕೈಯಿಂದ ಕೋಲು ಕಿತ್ತು, ಮೊಣಕಾಲಿಗೆ ಕೊಟ್ಟು ಎರಡು ತುಂಡು ಮಾಡಿ, ಬ್ಯಾಗನ್ನೂ ಅಲ್ಲೇ ಬಿಟ್ಟು ಮನೆಗೆ ಬಂದವನು ಅವನು. ಆಮೇಲೆ ಶಾಲೆಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಈಗ ಗೂಡ್ಸ್ ಆಟೋ ಓಡಿಸಿಕೊಂಡು ಸಂತೆಗಳಿಗೆ ಕುರಿ ಸಾಗಿಸುತ್ತಾನೆ. ಕೈ ಎತ್ತಲು ಅವನಿಗೆ ದೊಡ್ಡ ಕಾರಣ ಬೇಕಾಗಿರಲಿಲ್ಲ. ಅವತ್ತು ಮಾತ್ರ ಕೈ ಏಳಲಿಲ್ಲ. ರಾಜಣ್ಣನ ಮಾತಿನಲ್ಲಿ ಒಂದೆಳೆಯಾದರೂ ಸುಳ್ಳಿದ್ದಿದ್ದರೆ ಹಲ್ಲು ಉದುರಿಸಬಹುದಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದವನನ್ನು ಏನು ಮಾಡುವುದು?

ಅನುಷಾ ಅವನ ಕೈಹಿಡಿದು ಒಂದೂವರೆ ವರ್ಷವಾಗಿತ್ತು. ಅಷ್ಟು ದಿನದಲ್ಲಿ ಅವಳ ಬಾಯಿಂದ ತನ್ನ ಹೆಸರನ್ನು ಅವನು ಕೇಳಿಯೇ ಇರಲಿಲ್ಲ. ಮದುವೆಯಾಗಿ ಬಂದ ದಿನ ಹೊಸಲಿನ ಮುಂದೆ ಹೆಂಗಸರೆಲ್ಲ ಅಡ್ಡ ನಿಂತು, ಗಂಡನ ಹೆಸರು ಹೇಳದೆ ಒಳಗೆ ಕಾಲಿಡಬಾರದೆಂದು ಸತಾಯಿಸಿದ್ದರು. ಅವಳು ಹೇಳಿಯೂ ಇದ್ದಳು. ಅದೇ ಹೊತ್ತಿಗೆ ತಮಟೆಯವರು ಬಾರಿಸಿದ ಏಟಿಗೆ ಅವನಿಗೆ ಕಂಡದ್ದು ತುಟಿ ಅಲುಗಿದ್ದಷ್ಟೇ. ಹೆಂಗಸರು ಕೇಳಿಸಿಕೊಂಡರು, ನಕ್ಕರು, ದಾರಿ ಬಿಟ್ಟರು. ಪಕ್ಕದಲ್ಲೇ ನಿಂತಿದ್ದ ಅವನೊಬ್ಬನಿಗೆ ಕೇಳಲಿಲ್ಲ.

ಆಮೇಲೆ ಅವನ ತಾಯಿ ಈರಕ್ಕ ಸೊಸೆಯನ್ನು ಕೂರಿಸಿಕೊಂಡು ಬುದ್ಧಿ ಹೇಳಿದಳು. ಕಟ್ಟಿಕೊಂಡವಳು ಹೆಸರು ಹಿಡಿದು ಕರೆದರೆ ಗಂಡಸಿನ ಆಯಸ್ಸು ಸವೆಯುತ್ತದಂತೆ. ಈರಕ್ಕ ಅದನ್ನು ತಾನು ಪಾಲಿಸಿಕೊಂಡು ಬಂದವಳು. ಗಂಡ ಚಿಕ್ಕನರಸಯ್ಯನ ಹೆಸರಿನಲ್ಲಿ ನರಸಿಂಹನಿದ್ದಾನೆ ಅನ್ನುವ ಒಂದೇ ಕಾರಣಕ್ಕೆ ದೇವರಾಯನದುರ್ಗದ ಸ್ವಾಮಿಯನ್ನೂ ಅವಳು ‘ಬೆಟ್ಟದ ಮ್ಯಾಲಿನಪ್ಪ’ ಎಂದೇ ಕರೆಯುತ್ತಿದ್ದಳು. ಪಿಯುಸಿ ಓದಿದ ಸೊಸೆ ಇದಕ್ಕೆಲ್ಲ ಸೊಪ್ಪು ಹಾಕುವುದಿಲ್ಲ ಎಂದುಕೊಂಡಿದ್ದ ತಿಪ್ಪೇಶ. ಅವಳು ಅತ್ತೆಯನ್ನೂ ಮೀರಿಸಿದಳು. ಮನೆಯ ಹಿಂದಿನ ತಿಪ್ಪೆ ಅವಳ ಬಾಯಲ್ಲಿ ಗೊಬ್ಬರದ ಗುಂಡಿಯಾಯಿತು. ತಿಪಟೂರಿನ ಬಸ್ಸು ‘ಕೊಬ್ಬರಿ ಊರಿನ ಬಸ್ಸು’ ಆಯಿತು. ಅವನನ್ನು ಕರೆಯಬೇಕಾದರೆ ‘ಇವ್ರೇ’ ಅನ್ನುತ್ತಿದ್ದಳು, ಇಲ್ಲವೆ ಬಳೆ ಗಲಗಲ ಅನ್ನಿಸುತ್ತಿದ್ದಳು. ಮೊದಮೊದಲು ಅದು ಅವನಿಗೆ ಹಿತವಾಗಿಯೇ ಇತ್ತು.

ಹೊಳೆ ಪಾರ್ಕು ಆದಮೇಲೆ ಹಿತವೆಲ್ಲ ಹುಳಿಯಾಯಿತು.

ಎರಡು ಮಳೆಗಾಲ ಚೆನ್ನಾಗಿ ಸುರಿದು ಜಯಮಂಗಲಿಯಲ್ಲಿ ನೀರು ನಿಂತಿತು. ಕೊರಟಗೆರೆಯಿಂದ ಸ್ವಲ್ಪ ದೂರದಲ್ಲಿ, ಹೊಂಗೆ ಮರಗಳಿದ್ದ ದಂಡೆಗೆ ಬೇಲಿ ಹಾಕಿ, ಮುದುಕರು ಮಕ್ಕಳೂ ನಡೆಯುವಂಥ ಸಲೀಸು ಕಾಲುದಾರಿ ಮಾಡಿ, ಕಲ್ಲುಗಳಿಗೆ ಹಸಿರು ಬಣ್ಣ ಬಳಿದರು. ಜನರನ್ನು ಕರೆದುಕೊಂಡು ಹೋಗಿ ಮರ, ಹಕ್ಕಿ ತೋರಿಸಲು ಊರಿನವರೇ ಬೇಕೆಂದಾಗ ಅನುಷಾ ಆಸೆಪಟ್ಟಳು. ತರಬೇತಿಗೆ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಹೋದವನು ತಿಪ್ಪೇಶನೇ. ಅಲ್ಲಿ ಅವಳ ಜೊತೆ ತರಬೇತಿಗೆ ಕೂತವನು ಮಧುಗಿರಿಯ ಚೇತನ್ ಕುಮಾರ್. ಡಿಗ್ರಿ ಆಗಿತ್ತು. ಕುತ್ತಿಗೆಗೆ ದುರ್ಬೀನು, ತಲೆಗೆ ಟೋಪಿ, ಮಾತಿಗೆ ಮುಂಚೆ ನಗು. ತಿಪ್ಪೇಶನನ್ನು ಕಂಡರೆ ‘ಅಣ್ಣಾ’ ಎಂದು ಕೈ ಕುಲುಕುತ್ತಿದ್ದ. ಅವನಲ್ಲಿ ಬೈಯುವಂಥದ್ದು ಏನಾದರೂ ಸಿಕ್ಕಿದ್ದರೆ ತಿಪ್ಪೇಶನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಏನೂ ಸಿಗಲಿಲ್ಲ. ಹೆಸರೊಂದೇ ಸಿಕ್ಕಿದ್ದು.

ಆ ಹೆಸರು ತಿಪ್ಪೇಶನ ಅಡುಗೆಮನೆಗೇ ಬಂದು ಕೂತುಬಿಟ್ಟಿತು. ಸಂಜೆ ಮುದ್ದೆ ತಿರುವುತ್ತ, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಅಮುಕಿಕೊಂಡು ಅವಳು ನಾಳೆ ಎಷ್ಟು ಜನ ಬರುತ್ತಾರೆ, ಚೆಕ್ ಡ್ಯಾಮಿನ ಹತ್ತಿರ ಕೆಸರಿದೆಯಾ ಎಂದು ಚೇತನನನ್ನು ಕೇಳುತ್ತಿದ್ದಳು. ಕೇಳಿದ ಪ್ರತಿಯೊಂದು ಮಾತಿನ ತಲೆಗೂ ಒಂದು ಚೇತನ್, ಬಾಲಕ್ಕೂ ಒಂದು ಚೇತನ್. ಅವನನ್ನು ಸರ್ ಅನ್ನಬಾರದಾ ಎಂದು ತಿಪ್ಪೇಶ ಒಮ್ಮೆ ಕೇಳಿದ. ಅವರೇ ಬೇಡ ಅಂದಿದ್ದಾರೆ, ಇಬ್ಬರೂ ಒಂದೇ ವಯಸ್ಸಲ್ವಾ ಎಂದಳು. ಇನ್ನೊಂದು ದಿನ ಅವಳ ಫೋನಿಗೆ ತಾನೇ ರಿಂಗ್ ಕೊಟ್ಟು, ಪರದೆಯ ಮೇಲೆ ತನ್ನ ಹೆಸರು ಹೇಗೆ ಬರುತ್ತದೆಂದು ಕದ್ದು ನೋಡಿದ. ‘ಮನೆ’ ಎಂದು ಬಂತು. ಸ್ವಲ್ಪ ಹೊತ್ತು ಬಿಟ್ಟು ಚೇತನನ ಫೋನು ಬಂತು. ಚೇತನ್ ಎಂದೇ ಬಂತು.

ಅವತ್ತು ತಡೆಯಲಾರದೆ, ತಮಾಷೆಯ ಹಾಗೆ, ನನ್ನ ಹೆಸರು ಒಂದು ಸಲ ಹೇಳು ನೋಡೋಣ ಎಂದ. ಅವಳು ನಾಲಿಗೆ ಕಚ್ಚಿಕೊಂಡು ನಕ್ಕಳು.

“ನಿಮ್ಮನ್ನ ಹೆಸ್ರಿಡಿದು ಕರೆಯಾಕೆ ನಾನೇನು ಹೊರಗಿನೋಳಾ?” ಎಂದಳು.

ಜಾರಿಕೊಳ್ಳುವ ಮಾತು ಇದು ಎಂದುಕೊಂಡ ತಿಪ್ಪೇಶ. ಎಂದುಕೊಂಡು ಆ ರಾತ್ರಿ ಉಣ್ಣಲಿಲ್ಲ.

ಇಷ್ಟೆಲ್ಲ ಒಳಗೊಳಗೇ ಕುದಿಯುತ್ತಿದ್ದುದನ್ನು ರಾಜಣ್ಣ ಇವತ್ತು ಎಲ್ಲರ ಮುಂದೆ ಹೊರಗೆ ಎಳೆದಿದ್ದ. ಅಂದರೆ ಊರಿಗೆಲ್ಲ ಗೊತ್ತು. ತಿಪ್ಪೇಶ ಲೋಟವನ್ನು ಕುಕ್ಕಿ, ಅವಳನ್ನು ಗೇಟಿಗೆ ಬಿಟ್ಟಾಯಿತಲ್ಲ ಎಂದು ಆಟೋದ ಕಡೆ ಹೊರಟವನು ಗಕ್ಕನೆ ನಿಂತ. ಗೇಟಿನ ಒಳಗೆ ಅನುಷಾ ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು ಹೆಸರು ಕೇಳುತ್ತಿದ್ದಳು. ಅವಳಿಗೆ ಅದೊಂದು ವಿದ್ಯೆಯಾಗಿತ್ತು. ಒಂದು ಸಲ ಕೇಳಿದರೆ ಸಾಕು, ಮಧ್ಯಾಹ್ನದವರೆಗೂ ಮರೆಯುತ್ತಿರಲಿಲ್ಲ. ಹಿಂದೊಮ್ಮೆ ಒಬ್ಬ ಯಜಮಾನರು ಫೋಟೋ ತೆಗೆಯುತ್ತ ಹಿಂದೆ ಉಳಿದು, ಜಾಲಿ ಗಿಡಗಳ ನಡುವೆ ದಾರಿ ತಪ್ಪಿ, ಸಂಜೆವರೆಗೂ ಹುಡುಕಿಸಿಕೊಂಡಿದ್ದರು. ಅಂದಿನಿಂದ ಪಾರ್ಕಿನಲ್ಲಿ ಒಂದು ಕ್ರಮವಾಗಿತ್ತು: ನಿಲ್ಲುವ ಪ್ರತಿ ಜಾಗದಲ್ಲೂ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಬೇಕು, ಕೂಗಿಸಿಕೊಂಡವರು ಬಾಯಿಬಿಟ್ಟು ‘ಇದೀನಿ’ ಅನ್ನಬೇಕು. ಎಲ್ಲರೂ ಅಂದಮೇಲೇ ಮುಂದಕ್ಕೆ ಹೆಜ್ಜೆ.

ತಿಪ್ಪೇಶ ಕೌಂಟರಿನಲ್ಲಿ ಒಂದು ಟಿಕೆಟ್ ತೆಗೆದುಕೊಂಡು ಸಾಲಿನ ಕೊನೆಗೆ ಹೋಗಿ ನಿಂತ. ಕರೀಲಿ ಈಗ. ಬಂದವರನ್ನೆಲ್ಲ ಕರೆದು ನನ್ನೊಬ್ಬನನ್ನು ಹೆಂಗೆ ಬಿಡ್ತಾಳೆ, ನೋಡೇಬಿಡ್ತೀನಿ.

ಅವನನ್ನು ಕಂಡು ಅನುಷಾಳ ಮುಖ ಅರಳಿತು. ನಡೆಯೋಕೆ ಬಂದ್ರಾ, ಬಾಡಿಗೆ ಇಲ್ವಾ ಇವತ್ತು ಎಂದು ಮೆಲ್ಲಗೆ ಕೇಳಿದಳು. ದುಡ್ಡು ಕೊಟ್ಟು ಬಂದೀನಿ, ಎಲ್ಲರ ಹಂಗೇ ಎಂದ ಅವನು. ಅವಳಿಗೆ ಅರ್ಥವಾಗಲಿಲ್ಲ. ಖುಷಿಯಿಂದಲೇ ಮುಂದೆ ಹೋದಳು.

ದಾರಿಯೇನೋ ಸಲೀಸಾಗಿತ್ತು. ಒಂದು ಪಕ್ಕ ಹೊಳೆ, ಇನ್ನೊಂದು ಪಕ್ಕ ಹೊಂಗೆ, ನಡುವೆ ಹಸಿರು ಬಳಿದ ಕಲ್ಲುಗಳು. ದೂರದಲ್ಲಿ ಚನ್ನರಾಯನದುರ್ಗದ ಬೆಟ್ಟ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಶಿರಾದ ಗಂಡ ಹೆಂಡತಿ ಕೈ ಕೈ ಹಿಡಿದು ನಡೆದರು. ಮಧುಗಿರಿಯ ಪುಷ್ಪಾವತಿ ಮೇಡಂ, ಮಂಡಿನೋವಿನ ರಿಟೈರ್ಡ್ ಟೀಚರು, ಕೋಲೂರಿಕೊಂಡು ಪ್ರತಿ ಹಕ್ಕಿಗೂ ನಿಂತರು. ತಿಪ್ಪೇಶ ಹೊಳೆ ನೋಡಲಿಲ್ಲ, ಹಕ್ಕಿ ನೋಡಲಿಲ್ಲ. ಮುಂದೆ ಹೋಗುತ್ತಿದ್ದ ಎರಡು ಬೆನ್ನುಗಳನ್ನು ನೋಡಿದ. ಅವಳು ಏನೋ ಹೇಳುತ್ತಾಳೆ, ಅವನು ತಲೆಯಾಡಿಸುತ್ತಾನೆ. ಅವನು ದುರ್ಬೀನು ಕೊಡುತ್ತಾನೆ, ಇವಳು ಕಣ್ಣಿಗೆ ಹಿಡಿದು ನಗುತ್ತಾಳೆ. ಆ ಬೆನ್ನುಗಳ ನಡುವೆ ಒಬ್ಬ ಮನುಷ್ಯ ಧಾರಾಳವಾಗಿ ನಡೆಯುವಷ್ಟು ಜಾಗವಿತ್ತು. ತಿಪ್ಪೇಶನ ಕಣ್ಣಿಗೆ ಬೆರಳು ತೂರಿಸಲೂ ಜಾಗವಿರಲಿಲ್ಲ.

ಹೊಂಗೆ ತೋಪಿನಲ್ಲಿ ಮೊದಲ ಹಾಜರಿ. ಹೆಸರುಗಳು ಹೂವು ಪೋಣಿಸಿದ ಹಾಗೆ ಅವಳ ಬಾಯಿಂದ ಬಂದವು. ಪುಷ್ಪಾವತಿ ಮೇಡಂ. ಇದೀನಮ್ಮ. ಶೃತಿ. ಇದೀನಿ. ಹೀಗೆ ಒಬ್ಬೊಬ್ಬರೂ ಆಗಿ ಕೊನೆಗೆ ತಿಪ್ಪೇಶ ಉಳಿದ. ಅವಳು ಅವನ ಕಡೆ ನೋಡಿ, ಕಣ್ಣಲ್ಲೇ ನಕ್ಕು, “ಇನ್ನೊಬ್ರು ಇದಾರೆ, ಸರಿ, ಹೊರಡೋಣ” ಎಂದುಬಿಟ್ಟಳು. ಶಿರಾದ ಹೆಂಗಸಿಗೆ ತಕ್ಷಣ ಗೊತ್ತಾಯಿತು. ಓ, ಯಜಮಾನ್ರಾ, ಅದಕ್ಕೇ ಹೆಸರು ಹೇಳ್ತಿಲ್ಲ ಎಂದು ಚಪ್ಪಾಳೆ ತಟ್ಟಿದಳು. ಎಲ್ಲರೂ ನಕ್ಕರು. ಅದು ಒಳ್ಳೆಯ ನಗುವೇ ಆಗಿತ್ತು. ತಿಪ್ಪೇಶನಿಗೆ ಅದರಲ್ಲಿ ರಾಜಣ್ಣನ ಸೌಟಿನ ಸದ್ದೇ ಕೇಳಿಸಿತು.

“ನನ್ನ ಕೂಗ್ಲಿಲ್ಲ” ಎಂದ ಗಟ್ಟಿಯಾಗಿ. “ದುಡ್ಡು ಕೊಟ್ಟೋರ್ನೆಲ್ಲ ಕೂಗ್ಬೇಕು ತಾನೆ?”

ಅವಳು ಕೆಂಪಗಾದಳು. ನಡುವೆ ಬಂದವನು ಚೇತನ್. ಕೂಗೋದು ನನ್ನ ಕೆಲಸವೂ ಹೌದಲ್ಲ ಎಂದು, ಸರಾಗವಾಗಿ, “ತಿಪ್ಪೇಶಣ್ಣ” ಎಂದು ಕೂಗಿದ. ಅವಳಿಗೆ ಕಷ್ಟವಾಗದಿರಲಿ ಎಂದು ಮಾಡಿದ್ದು ಎಲ್ಲರಿಗೂ ಕಂಡಿತು. ತಿಪ್ಪೇಶನಿಗೂ ಕಂಡಿತು. ಅದೇ ಅವನಿಗೆ ತಡೆಯಲಾಗಲಿಲ್ಲ. ಇವಳ ಬಾಯಿಗೆ ಬಂದ ಕಷ್ಟವನ್ನು ಕಳೆಯುವವನು ಇವನಾ? ತಿಪ್ಪೇಶ ‘ಇದೀನಿ’ ಅನ್ನಲಿಲ್ಲ. ನೆಲಕ್ಕೆ ಉಗುಳಿ ಮುಂದೆ ನಡೆದ.

ಚೆಕ್ ಡ್ಯಾಮ್ ಹತ್ತಿರ ಬರುವ ಹೊತ್ತಿಗೆ ಅವನ ತಲೆಯಲ್ಲಿ ಇನ್ನೊಂದು ಉಪಾಯ ಬೆಳೆದಿತ್ತು. ಕಟ್ಟೆಯ ಕೆಳಗೆ ಮರಳು, ಮರಳಿನ ಅಂಚಿಗೆ ಲಕ್ಕಿ ಗಿಡಗಳ ಒತ್ತಾದ ಪೊದೆ. ಎಲ್ಲರೂ ಕಟ್ಟೆಯ ಮೇಲೆ ಬಗ್ಗಿ ಮೀನು ನೋಡುತ್ತಿದ್ದಾಗ ಅವನು ಮೆಲ್ಲಗೆ ಇಳಿದು ಪೊದೆಯ ಹಿಂದೆ ಕೂತ. ಮೊಣಕಾಲು ಅಪ್ಪಿಕೊಂಡು, ಕಿವಿಯನ್ನು ಕಟ್ಟೆಯ ಕಡೆಗಿಟ್ಟು ಕಾದ.

ಹಾಜರಿ ಶುರುವಾಯಿತು. ಕೊನೆಗೆ ಬಂದು ನಿಂತಿತು. ಅವಳು ‘ಇವ್ರೇ’ ಎಂದಳು. ಸುತ್ತ ನೋಡಿರಬೇಕು, ಮತ್ತೆ ‘ಇವ್ರೇ’ ಎಂದಳು. ಬಳೆಗಳ ಸದ್ದು ಕೇಳಿಸಿತು. ಅಷ್ಟು ಜನರ ನಡುವೆ, ಅಷ್ಟು ದೊಡ್ಡ ಹೊಳೆಯ ಮುಂದೆ ಅವಳು ಬಳೆ ಅಲುಗಿಸಿ ಕರೆಯುತ್ತಿದ್ದಳು. ತಿಪ್ಪೇಶ ಅಲುಗಲಿಲ್ಲ. ಚೇತನ್ ಕೂಗಿದ. ಶಿರಾದವನು ಕೂಗಿದ. ಅಣ್ಣಾ, ತಿಪ್ಪೇಶಣ್ಣಾ. ಅಲ್ಲಿದ್ದವರೆಲ್ಲ ಅವನ ಹೆಸರು ಹಿಡಿದು ಕೂಗಿದರು, ಅವಳೊಬ್ಬಳನ್ನು ಬಿಟ್ಟು. ಕಟ್ಟೆಯಿಂದ ಕಾಲು ಜಾರಿತಾ ಎಂದು ಯಾರೋ ಅಂದರು. ಆಗ ಅವಳ ದನಿ ಬಂತು: “ಅವ್ರಿಗೆ ಈಜು ಬರಾಕಿಲ್ಲ.” ಅದು ಅವಳು ಮಾತಾಡುವ ದನಿಯೇ ಅಲ್ಲ. ಯಾರೋ ದುಬುಕ್ಕನೆ ನೀರಿಗಿಳಿದ ಸದ್ದಾಯಿತು. ಗಿಡದ ಸಂದಿನಿಂದ ನೋಡಿದರೆ ಚೇತನ್, ಶೂ ಸಮೇತ, ತೊಡೆಯುದ್ದ ನೀರಿನಲ್ಲಿ ಕೋಲಿನಿಂದ ತಡಕುತ್ತಿದ್ದ.

ಏಳಬೇಕಿತ್ತು. ಆ ಕ್ಷಣವೇ ಎದ್ದಿದ್ದರೆ ಹೇಗೋ ಏನೋ. ಅಷ್ಟರಲ್ಲಿ ಅವಳು ಕೂಗಿದಳು.

“ತಿಪ್ಪೇಶಾ…”

ಹೊಳೆಯ ಈ ದಂಡೆಯಿಂದ ಆ ದಂಡೆಗೆ ಮುಟ್ಟುವಂತೆ ಕೂಗಿದಳು. ತಿಪ್ಪೇಶನ ಮೈಯೆಲ್ಲ ಜುಮ್ಮೆಂದಿತು. ಹೊಸಲಿನ ಮುಂದೆ ತಮಟೆ ನುಂಗಿದ್ದು ಇದೇ ತಾನೇ. ಎಷ್ಟು ಚೆಂದವಾಗಿತ್ತು. ಅವನ ಅಪ್ಪ ಕರೆದಾಗ, ಮೇಷ್ಟ್ರು ಬೈದಾಗ, ಸಂತೆಯಲ್ಲಿ ಯಾರೋ ಕೂಗಿದಾಗ ಇದೇ ಹೆಸರು ಹಳೇ ಚಪ್ಪಲಿಯ ಹಾಗಿರುತ್ತಿತ್ತು. ಇನ್ನೊಂದು ಸಲ ಎಂದುಕೊಂಡು ಕಣ್ಣು ಮುಚ್ಚಿದ. ಅವಳು ಇನ್ನೊಂದು ಸಲ ಕೂಗಿದಳು. ಮತ್ತೊಂದು ಸಲವೂ ಕೂಗಿದಳು. ಕೂಗುತ್ತ ಕಟ್ಟೆಯುದ್ದಕ್ಕೂ ಓಡಿದಳು, ಮರಳಿಗೆ ಇಳಿದಳು, ಬಿದ್ದಳು, ಎದ್ದಳು. ದನಿ ಒಡೆಯಿತು, ಒಣಗಿತು. ಮಂದೆಯಿಂದ ತಪ್ಪಿದ ಕುರಿಯನ್ನು ಕೂಗುವವರ ದನಿಯಾಯಿತು. ಆಮೇಲೆ ಅದೂ ಸವೆದು, ಬರಿಯ ಸದ್ದಾಯಿತು. ಪುಷ್ಪಾವತಿ ಮೇಡಂ ಕಲ್ಲಿನ ಮೇಲೆ ಕುಸಿದರು.

ಸಾಕು ಅನ್ನಿಸಿ ತಿಪ್ಪೇಶ ಎದ್ದ. ಪ್ಯಾಂಟಿನ ಮರಳು ಕೊಡವಿಕೊಂಡು, ಗೆದ್ದವನ ನಗು ಇನ್ನೂ ಮುಖದ ಮೇಲಿದ್ದಂತೆಯೇ ಪೊದೆಯಿಂದ ಹೊರಗೆ ಬಂದ. ಮೈಮೇಲೆ ಒಂದು ಹನಿ ನೀರಿರಲಿಲ್ಲ.

ಅವಳು ಹತ್ತು ಮಾರು ದೂರದಲ್ಲಿ ನಿಂತಿದ್ದಳು. ಮೊದಲು ಅವನ ಮುಖ ನೋಡಿದಳು, ಸದ್ಯ ಅನ್ನುವಂತೆ ಎದೆಗೆ ಕೈಯಿಟ್ಟುಕೊಂಡಳು. ಆಮೇಲೆ ಅವನ ನೆನೆಯದ ಬಟ್ಟೆ ನೋಡಿದಳು. ಆಮೇಲೆ ಪೊದೆಯ ಹಿಂದೆ ಅವನು ಕೂತೆದ್ದ ಗುರುತು ನೋಡಿದಳು. ಬೈಯುತ್ತಾಳೆ ಎಂದುಕೊಂಡ. ಬೈದರೆ ಬೈಯಲಿ, ಹೆಸರು ಹಿಡಿದು ಬೈಯಲಿ. ಅಳುತ್ತಾಳೆ ಎಂದುಕೊಂಡ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕಟ್ಟೆ ಹತ್ತಿದಳು. ನೀರಿನಿಂದ ಮೇಲೆ ಬಂದ ಚೇತನ್ ಅವಳನ್ನು ನೋಡಿ, ಕೂತು ಶೂಗಳ ನೀರು ಬಸಿದ. ಎಲ್ಲರೂ ಮತ್ತೆ ಗುಂಪಾಗುವವರೆಗೆ ಅವಳು ಕಾದಳು. ಹಾಜರಿಯನ್ನು ನಿಂತಲ್ಲಿಂದಲೇ ಮುಂದುವರಿಸಿದಳು.

“ತಿಪ್ಪೇಶ್” ಎಂದಳು.

“ಇದೀನಿ” ಎಂದ ಅವನು. ಬಾಯಿ ತಾನಾಗಿ ಅಂದುಬಿಟ್ಟಿತ್ತು.

“ಸರಿ. ಎಲ್ರೂ ಆಯ್ತು. ನಿಧಾನಕ್ಕೆ ಬನ್ನಿ.”

ಮುಂದಿನ ದಾರಿಯಲ್ಲೂ ಅವಳು ತನ್ನ ಕೆಲಸ ಬಿಡಲಿಲ್ಲ. ಇದು ಮತ್ತಿಮರ, ಇದು ಗೀಜಗದ ಗೂಡು. ಶೃತಿ, ಮುಳ್ಳಿದೆ, ನೋಡ್ಕೊಳ್ಳಿ. ಮೇಡಂ, ನನ್ನ ಕೈ ಹಿಡ್ಕೊಳ್ಳಿ. ತಿಪ್ಪೇಶ್, ಬಂಡೆ ಜಾರುತ್ತೆ, ಈ ಕಡೆಯಿಂದ ಬನ್ನಿ. ಬಂದವರ ಜೊತೆ ಮಾತಾಡುವಾಗ ಅವಳು ಊರಿನ ಮಾತು ಬಿಟ್ಟು ನಾಜೂಕು ಮಾಡುತ್ತಿದ್ದುದು ಅವನಿಗೆ ಗೊತ್ತಿತ್ತು. ಈಗ ಅವನ ಜೊತೆಯೂ ಹಾಗೇ ಮಾತಾಡುತ್ತಿದ್ದಳು. ಚೇತನ್, ಸ್ವಲ್ಪ ಹಿಂದೆ ಇರಿ. ತಿಪ್ಪೇಶ್, ಗುಂಪಿನ ಜೊತೆ ಇರಿ. ಅವನು ಕಿವಿಗೊಟ್ಟು ಎರಡನ್ನೂ ತೂಗಿ ನೋಡಿದ. ಚೇತನ್ ಅನ್ನುವಾಗ ಇಲ್ಲದ್ದು ತನ್ನ ಹೆಸರಿನಲ್ಲಿ ಏನಾದರೂ, ಒಂದು ಚೂರು ಸಿಟ್ಟಾದರೂ, ಇದೆಯಾ ಎಂದು ಹುಡುಕಿದ. ಮುಂದಿನ ಹಾಜರಿಯಲ್ಲಿ ಮತ್ತೆ ಹುಡುಕಿದ. ಅವಳು ಅವನ ಹೆಸರನ್ನು ಎರಡು ಹೆಸರುಗಳ ನಡುವೆ ಎಲ್ಲೋ ಕೂಗಿ ಮುಂದಕ್ಕೆ ಹೋದಳು. ಈ ಸಲ ಕೊನೆಯ ಹೆಸರಾಗಿಯೂ ಉಳಿಸಿರಲಿಲ್ಲ.

ದಾರಿ ಬಳಸಿ ಮತ್ತೆ ಹೊಂಗೆ ತೋಪಿಗೆ ಬಂತು. ಅಲ್ಲಿ ಊಟ. ಊರಿನ ಮಹಿಳಾ ಸಂಘದವರು ಮುದ್ದೆ, ಅವರೆಕಾಳಿನ ಸಾರು, ಅನ್ನ ತಂದಿದ್ದರು. ಬಂದವರೆಲ್ಲ ಜಮಖಾನದ ಮೇಲೆ ಸಾಲಾಗಿ ಕೂತರು. ಎಲೆ ಹಾಕಿದ್ದ ಕಡೆ ತಿಪ್ಪೇಶನೂ ಕೂತ. ಕೂರದೆ ಹೋದರೆ ಸೋತಂತೆ ಎಂದುಕೊಂಡು ಕೂತ. ಮನೆಗೆ ಹೋದಮೇಲೆ ಸರಿಯಾಗುತ್ತದೆ, ಅಮ್ಮನ ಮುಂದೆ ಇವಳ ಆಟ ನಡೆಯೋದಿಲ್ಲ, ನಾಳೆ ಬೆಳಗ್ಗೆ ಬಳೆ ಗಲಗಲ ಅನ್ನಲೇಬೇಕು ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡಷ್ಟೂ ಅದು ನಂಬಿಕೆಗೆ ಬರಲಿಲ್ಲ.

ಅನುಷಾ ಎರಡು ಪಾತ್ರೆ ಹಿಡಿದು ಬಡಿಸುತ್ತ ಬಂದಳು. ಪೇಟೆಯವರಿಗೆ ಮುದ್ದೆ ಇಳಿಯುತ್ತದೋ ಇಲ್ಲವೋ ಎಂದು ಒಬ್ಬೊಬ್ಬರನ್ನೂ ಕೇಳಿ ಕೇಳಿ ಹಾಕುತ್ತಿದ್ದಳು. ಶಿರಾದವರಿಗೆ ಅನ್ನ. ಪುಷ್ಪಾವತಿ ಮೇಡಂಗೆ ಅರ್ಧ ಮುದ್ದೆ. ಚೇತನ್ ಒದ್ದೆ ಪ್ಯಾಂಟಿನಲ್ಲೇ ದೂರ ನಿಂತಿದ್ದ, ಅವನಿಗೆ ಆಮೇಲೆ. ಅವಳ ಪಾದ ತಿಪ್ಪೇಶನ ಎಲೆಯ ಮುಂದೆ ಬಂದು ನಿಂತಿತು. ಮೊಣಕೈ ತರಚಿ ರಕ್ತ ಹೆಪ್ಪುಗಟ್ಟಿತ್ತು, ಮರಳಿನಲ್ಲಿ ಬಿದ್ದದ್ದು. ಅವನು ತಲೆಯೆತ್ತಿದ. ದಿನಾ ಸಂಜೆ ಅವನ ತಟ್ಟೆಗೆ ಕೇಳದೆಯೇ ಎರಡು ಮುದ್ದೆ ಹಾಕಿ, ನಡುವೆ ಬೆರಳಿನಿಂದ ಗುಳಿ ಮಾಡಿ ಸಾರು ಬಿಡುತ್ತಿದ್ದವಳು ಬಗ್ಗಿ, ಎಲ್ಲರಿಗೂ ತೋರಿಸಿದ್ದ ನಗುವನ್ನೇ ಅವನಿಗೂ ತೋರಿಸಿದಳು.

“ತಿಪ್ಪೇಶ್, ನಿಮಗೆ ಮುದ್ದೆನಾ, ಅನ್ನಾನಾ?”

ಅಕ್ಕಪಕ್ಕದವರ ಕೈ ತುತ್ತಿನ ಮೇಲೆ ನಿಂತಿತು. ಅವಳು ಕಾದಳು. ನಿಜವಾಗಿಯೂ ಗೊತ್ತಿಲ್ಲದವರು ಕಾಯುವ ಹಾಗೆ ಸಮಾಧಾನವಾಗಿ ಕಾದಳು.

ತಿಪ್ಪೇಶ ಎಲೆಯನ್ನು ಅರ್ಧಕ್ಕೆ ಮಡಚಿ ಎದ್ದ. ಸಾಲು ದಾಟಿ, ಹಸಿರು ಕಲ್ಲುಗಳನ್ನು ದಾಟಿ, ಚಪ್ಪಲಿ ಮೆಟ್ಟುವುದನ್ನೂ ಮರೆತು, ಗೇಟಿನಾಚೆಗೆ ಬಿಸಿಲಿಗೆ ನಡೆದುಬಿಟ್ಟ.